ಒಳ್ಳೆಯ ಹೆಸರು, ಕೆಟ್ಟ ಹೆಸರು

ಮಿಲ್ಲಿನ ಕಾರ್ಮಿಕರಿಗೆ ಒಂದು ಅನುಭವ ಚೆನ್ನಾಗಿ ಗೊತ್ತು. ಬೋನಸ್ಸು ಬಾಕಿ ಇದೆ, ಹಾಜರಿ ಪುಸ್ತಕದಲ್ಲಿ ಮೋಸವಾಗಿದೆ ಎಂದು ಕರಪತ್ರ ಅಚ್ಚು ಹಾಕಿಸಿ ಗೇಟಿನ ಮುಂದೆ ಹಂಚಿದರೆ, ಆಡಳಿತವರ್ಗದವರು ಬೋನಸ್ಸಿನ ಮಾತನ್ನೇ ಎತ್ತುವುದಿಲ್ಲ. "ಕರಪತ್ರದ ಭಾಷೆ ಸಭ್ಯವಾಗಿಲ್ಲ, ಮೊದಲು ಕ್ಷಮೆ ಕೇಳಿ" ಎನ್ನುತ್ತಾರೆ. ಮಾತುಕತೆಯೆಲ್ಲ ಆ ಒಂದು ಪದದ ಸುತ್ತಲೇ ಗಾಣದೆತ್ತಿನಂತೆ ಸುತ್ತುತ್ತದೆ. ಸಂಜೆಗೆ ಎಲ್ಲರೂ ಎದ್ದು ಹೋಗುವಾಗ ಬೋನಸ್ಸು ಇದ್ದಲ್ಲೇ ಇರುತ್ತದೆ. ಚಿಕ್ಕ ಅಂಗಡಿ ಇಟ್ಟುಕೊಂಡವರ ಪಾಡೂ ಬೇರೆಯಲ್ಲ. ಸುಂಕದ ಹೊರೆ ತಾಳಲಾರದೆ ಬಾಗಿಲಿಗೆ ಖಾರವಾದೊಂದು ಬೋರ್ಡು ತೂಗುಹಾಕಿದರೆ, ಬಂದ ಅಧಿಕಾರಿಗೆ ಸುಂಕಕ್ಕಿಂತ ಬೋರ್ಡೇ ದೊಡ್ಡ ಅಪರಾಧವಾಗಿ ಕಾಣುತ್ತದೆ.

ಇದೇ ಬಗೆಯ ಕಥೆಯೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1978ರಲ್ಲಿ ನಡೆಯಿತು. ಕೆಲವು ಹುಡುಗರು ಕಟ್ಟಿದ ಒಂದು ಹಾಡಿನ ತಂಡ, ಆ ತಂಡ ಇಟ್ಟುಕೊಂಡ ಹೆಸರು, ಆ ಹೆಸರಿನ ಮೇಲೆ ಊರಿನ ಸಭ್ಯರಿಗೆ ಬಂದ ಸಿಟ್ಟು, ಇಷ್ಟು ಕಥೆಯ ಹೊರಮೈ. ನಮಗೂ ಅಮೆರಿಕದ ಹಾಡುಗಾರರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಕೊನೆಯವರೆಗೆ ಓದಿ ಆಮೇಲೆ ತೀರ್ಮಾನಿಸಲಿ ಎಂದು ಕೋರುತ್ತೇವೆ.

ಪಂಕ್ ಎಂಬ ಇಂಗ್ಲಿಷ್ ಮಾತಿಗೆ ಪುಂಡ, ಕೆಲಸಕ್ಕೆ ಬಾರದವನು ಎಂದು ಅರ್ಥ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನಲ್ಲೂ ಲಂಡನ್ನಿನಲ್ಲೂ ಈ ಹೆಸರಿನ ಸಂಗೀತ ಹುಟ್ಟಿತು. ದೊಡ್ಡ ಕಂಪನಿಗಳ ನಯವಾದ ಹಾಡುಗಳಿಂದ ಬೇಸತ್ತವರು, ವಿದ್ಯೆ ಪೂರಾ ಬರುವ ಮೊದಲೇ ಗಿಟಾರು ಹಿಡಿದು, ಎರಡು ಮೂರು ನಿಮಿಷದ ಹಾಡುಗಳನ್ನು ಕಿವಿಗಡಚಿಕ್ಕುವಂತೆ ಬಾರಿಸಿದರು. ಇಂಪಿಗಾಗಿ ಹಾಡಿದವರಲ್ಲ ಅವರು. ಈಗಲೂ ನಮ್ಮ ಕಿವಿಗೆ ಅದು ಹಿತವಾಗುತ್ತದೆಂದು ಸುಳ್ಳು ಹೇಳಲಾರೆವು.

ಸ್ಯಾನ್ ಫ್ರಾನ್ಸಿಸ್ಕೋದ ತಂಡ ತನಗೆ "ಡೆಡ್ ಕೆನೆಡೀಸ್" ಎಂದು ಹೆಸರಿಟ್ಟುಕೊಂಡಿತು. ಎಂದರೆ, ಸತ್ತ ಕೆನೆಡಿಗಳು. ಅಧ್ಯಕ್ಷ ಜಾನ್ ಕೆನೆಡಿಯನ್ನು ಡಲ್ಲಾಸ್ ನಗರದಲ್ಲಿ ಗುಂಡಿಟ್ಟು ಕೊಂದದ್ದು 1963ರ ನವೆಂಬರ್ 22ರಂದು. ಆ ಸುದ್ದಿ ರೇಡಿಯೋದಲ್ಲಿ ಬಂದದ್ದು ನಮ್ಮ ಹಿರಿಯ ಓದುಗರಲ್ಲಿ ಕೆಲವರಿಗೆ ನೆನಪಿದ್ದೀತು. ಐದು ವರ್ಷವೂ ತುಂಬುವ ಮೊದಲೇ, 1968ರ ಜೂನಿನಲ್ಲಿ, ತಮ್ಮ ರಾಬರ್ಟ್ ಕೆನೆಡಿಯೂ ಲಾಸ್ ಏಂಜಲೀಸಿನಲ್ಲಿ ಗುಂಡಿಗೆ ಬಲಿಯಾದ. ಒಂದೇ ಮನೆಯ ಇಬ್ಬರು ಮಕ್ಕಳು. ತಂಡ ಹುಟ್ಟಿದಾಗ ಅವರ ತಾಯಿ ಇನ್ನೂ ಬದುಕಿದ್ದಳು.

ತಂಡ ಮೊದಲು ವೇದಿಕೆ ಹತ್ತಿದ್ದು 1978ರ ಜುಲೈಯಲ್ಲಿ, ಬ್ರಾಡ್‌ವೇ ಬೀದಿಯ "ಮಬುಹಾಯ್ ಗಾರ್ಡನ್ಸ್" ಎಂಬ ಫಿಲಿಪಿನೋ ಹೋಟೆಲಿನಲ್ಲಿ. ಮಬುಹಾಯ್ ಎಂದರೆ ಆ ಜನರ ಭಾಷೆಯಲ್ಲಿ ಚಿರಾಯುವಾಗಿರು ಎಂದು ಹರಸುವ ಮಾತು. ಅದೇ ವರ್ಷ ನವೆಂಬರ್ 22ರಂದು, ಎಂದರೆ ಕೆನೆಡಿ ಸತ್ತು ಸರಿಯಾಗಿ ಹದಿನೈದು ವರ್ಷ ತುಂಬಿದ ದಿನ, ಅದೇ ಹೋಟೆಲಿನಲ್ಲಿ ತಂಡದ ಕಾರ್ಯಕ್ರಮ ಗೊತ್ತಾಯಿತು. ಊರಿನ ದೊಡ್ಡ ಪತ್ರಿಕೆ "ಕ್ರಾನಿಕಲ್" ಸುಮ್ಮನಿರಲಿಲ್ಲ. ಅದರ ಹೆಸರಾಂತ ಅಂಕಣಕಾರ ಹರ್ಬ್ ಕೇನ್, ಅಭಿರುಚಿ ಇದಕ್ಕಿಂತ ಕೆಳಗಿಳಿಯಲಾರದು ಎಂದುಕೊಂಡಿರುವಾಗಲೇ ಇಂಥ ತಂಡವೊಂದು ಬಂದಿದೆ ಎಂಬರ್ಥದಲ್ಲಿ ಬರೆದರು. ಅಮೆರಿಕದ ಕಾನೂನು ಹೆಸರನ್ನು ನಿಷೇಧಿಸಲಿಲ್ಲ, ನಿಷೇಧಿಸುವಂತೆಯೂ ಇರಲಿಲ್ಲ. ಆದರೂ ಸಭಾಂಗಣದವರ ಅಂಜಿಕೆಯನ್ನೂ ಊರಿನ ಕೋಪವನ್ನೂ ತಪ್ಪಿಸಿಕೊಳ್ಳಲು ತಂಡ ಕೆಲವೆಡೆ ಬೇರೆ ಬೇರೆ ಹೆಸರುಗಳಲ್ಲಿ ಹಾಡಬೇಕಾಯಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಿಬಿಡುತ್ತೇವೆ. ಮಕ್ಕಳನ್ನು ಮಣ್ಣು ಮಾಡಿದ ತಾಯಿಯ ಸಂಕಟ, ಆಕೆ ಕೋಟ್ಯಧೀಶರ ಮನೆಯವಳಾದರೂ ಸಂಕಟವೇ. ಅಪ್ಪನ ಸಾವಿನ ದಿನ ಯಾರೋ ಅದನ್ನೇ ಬೋರ್ಡಿಗೆ ಬರೆದು ಡೋಲು ಬಾರಿಸಿದರೆ ಮಗಳಿಗೆ ನೋವಾಗದೆ ಇರುವುದಿಲ್ಲ. ಆ ಹೆಸರನ್ನು ಹೊಗಳಲು ನಾವು ಲೇಖನಿ ಹಿಡಿದಿಲ್ಲ. ನಮ್ಮ ಸಂಘದ ಹುಡುಗರು ಅಂಥ ಹೆಸರಿಡಲು ಹೊರಟರೆ, ಕೂತು ಮಾತಾಡಿ ಬೇಡವೆನ್ನುತ್ತಿದ್ದೆವೋ ಏನೋ.

ಆದರೆ ಹುಡುಗರು ಕೊಟ್ಟ ಉತ್ತರವನ್ನೂ ಕೇಳಬೇಕಷ್ಟೆ. ಆ ಮನೆತನವನ್ನು ಹೀಯಾಳಿಸುವುದು ತಮ್ಮ ಉದ್ದೇಶವಲ್ಲ, ಆ ಗುಂಡುಗಳೊಂದಿಗೆ ಅಮೆರಿಕ ತನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದ ಸುಂದರ ಕನಸು ಸತ್ತಿತು, ಅದನ್ನೇ ಹೇಳುತ್ತಿದ್ದೇವೆ ಎಂದು ಅವರು ಹೇಳಿದರು. ಮುಖ್ಯ ಹಾಡುಗಾರ ತಾನೇ ಇಟ್ಟುಕೊಂಡ ಹೆಸರನ್ನು ನೋಡಿದರೆ ಈ ಉತ್ತರ ಬರಿಯ ನೆಪವಲ್ಲವೆಂದು ತೋರುತ್ತದೆ. ಜೆಲ್ಲೋ ಬಿಯಾಫ್ರಾ ಎಂಬುದು ಆ ಹೆಸರು. ಜೆಲ್ಲೋ ಎಂದರೆ ಅಮೆರಿಕದ ಮನೆಗಳಲ್ಲಿ ಮಕ್ಕಳು ತಿನ್ನುವ ಬಣ್ಣಬಣ್ಣದ ಸಿಹಿ ತಿಂಡಿ. ಬಿಯಾಫ್ರಾ ಎಂದರೆ ನೈಜೀರಿಯದಿಂದ ಬೇರೆಯಾಗಲು ಹೊರಟು, 1967ರಿಂದ 1970ರವರೆಗೆ ಯುದ್ಧದಲ್ಲೂ ದಿಗ್ಬಂಧನದಲ್ಲೂ ಸಿಕ್ಕಿ, ಲಕ್ಷಗಟ್ಟಲೆ ಮಂದಿ, ಅದರಲ್ಲೂ ಮಕ್ಕಳು, ಹೊಟ್ಟೆಗಿಲ್ಲದೆ ಸತ್ತ ನಾಡು. ಒಂದು ಕಡೆ ಮಕ್ಕಳಿಗೆ ತಿಂದು ಮಿಗುವಷ್ಟು ಸಿಹಿ, ಇನ್ನೊಂದು ಕಡೆ ಎಲುಬಿನ ಗೂಡಾದ ಮಕ್ಕಳು. ಎರಡನ್ನೂ ಒಂದೇ ಹೆಸರಿನಲ್ಲಿ ಕಟ್ಟಿ ಎದುರಿಗಿಟ್ಟರೆ ಕೇಳಿದವರಿಗೆ ಮುಜುಗರವಾಗುತ್ತದೆ. ಆಗಲಿ ಎಂದೇ ಇಟ್ಟದ್ದು.

ಈಗ ಅದೇ ಊರಿನ ಬೇರೆ ಕೆಲವು ಹೆಸರುಗಳನ್ನು ನೋಡೋಣ.

ಮಬುಹಾಯ್ ಹೋಟೆಲಿನಿಂದ ಕೆಲವೇ ಹೆಜ್ಜೆ ನಡೆದರೆ ಕರ್ನಿ ಬೀದಿಯಲ್ಲಿ "ಇಂಟರ್‌ನ್ಯಾಷನಲ್ ಹೋಟೆಲ್" ಎಂಬ ಹಳೆಯ ಕಟ್ಟಡವಿತ್ತು. ಹೆಸರು ದೊಡ್ಡದಾದರೂ ಅದು ಬಡವರು ತಿಂಗಳ ಬಾಡಿಗೆಗೆ ಒಂದೊಂದು ಕೋಣೆ ಹಿಡಿದು ಬದುಕುತ್ತಿದ್ದ ವಠಾರ. ಅಲ್ಲಿದ್ದವರು ಹೆಚ್ಚಾಗಿ ಮುದುಕರು. ಫಿಲಿಪ್ಪೀನ್ಸಿನಿಂದ ಹರೆಯದಲ್ಲಿ ಬಂದು ಹೊಲಗದ್ದೆಗಳಲ್ಲಿ, ಹಡಗುಗಳಲ್ಲಿ, ಹೋಟೆಲಿನ ಅಡಿಗೆಮನೆಗಳಲ್ಲಿ ದುಡಿದು ಸವೆದವರು. ಬಿಳಿಯ ಹೆಂಗಸನ್ನು ಮದುವೆಯಾಗಲು ಕಾನೂನು ಬಿಡುತ್ತಿರಲಿಲ್ಲ, ತಮ್ಮ ನಾಡಿನ ಹೆಂಗಸರು ಅಲ್ಲಿ ವಿರಳ. ಹೀಗಾಗಿ ಎಷ್ಟೋ ಮಂದಿ ಒಂಟಿಯಾಗಿಯೇ ಮುದಿಯಾದರು. ಆ ಜಾಗ ವ್ಯಾಪಾರದ ದೊಡ್ಡ ಕಟ್ಟಡಗಳಿಗೆ ಬೇಕಾಯಿತು. 1968ರಿಂದ ನೋಟೀಸುಗಳು ಬರತೊಡಗಿದವು. ಒಂಬತ್ತು ವರ್ಷ ಬಾಡಿಗೆದಾರರು ಹೋರಾಡಿದರು. ಅವರನ್ನು ಹೊರಹಾಕಲು ಒಪ್ಪದ ಊರಿನ ಶೆರೀಫ್ ರಿಚರ್ಡ್ ಹಾಂಗಿಸ್ಟೊ 1977ರಲ್ಲಿ ನ್ಯಾಯಾಲಯದ ಅವಹೇಳನಕ್ಕಾಗಿ ಸೆರೆಮನೆಗೂ ಹೋಗಿ ಬಂದ. ಅದೇ ಶೆರೀಫ್ ಅದೇ ವರ್ಷ ಆಗಸ್ಟ್ 4ರ ನಡುರಾತ್ರಿ ಕಳೆದ ಮೇಲೆ, ನೂರಾರು ಪೋಲೀಸರೊಡನೆ ಬಂದು, ಸುತ್ತಿಗೆಯಿಂದ ಬಾಗಿಲು ಒಡೆದ. ಸಾವಿರಾರು ಜನ ಕೈಗೆ ಕೈ ಹೆಣೆದು ಕಟ್ಟಡದ ಸುತ್ತ ನಿಂತಿದ್ದರು. ಅವರನ್ನು ಲಾಠಿಯಿಂದ ಚದುರಿಸಿ, ಮುದುಕರನ್ನು ಬೀದಿಗೆ ತಂದುಬಿಟ್ಟರು. ಆಮೇಲೆ ಕಟ್ಟಡವನ್ನು ಕೆಡವಿದರು. ಮುಂದೆ ದಶಕಗಳ ಕಾಲ ಅಲ್ಲಿದ್ದದ್ದು ಒಂದು ದೊಡ್ಡ ಹಳ್ಳ. ಬಡ ಮುದುಕರಿಗಾಗಿ ಹೊಸ ಮನೆಗಳು ಅಲ್ಲಿ ಎದ್ದದ್ದು 2005ರಲ್ಲಿ. ಹೊರಹಾಕಿಸಿಕೊಂಡವರಲ್ಲಿ ಬಹುಪಾಲು ಮಂದಿ ಆ ವೇಳೆಗೆ ಮಣ್ಣು ಸೇರಿದ್ದರು.

ಇದಕ್ಕೆ ಕಾಗದದ ಮೇಲೆ ಇದ್ದ ಹೆಸರೇನು? ನ್ಯಾಯಾಲಯದ ಆದೇಶದ ಜಾರಿ. ಎಷ್ಟು ಶುಭ್ರವಾದ ಹೆಸರು! ಕೇಳಿದರೆ ಯಾವ ತಾಯಿಗೂ ನೋವಾಗುವುದಿಲ್ಲ.

ಇನ್ನೊಂದು. ಆ ನವೆಂಬರ್ 22 ಕಳೆದು ಐದನೆಯ ದಿನ, 1978ರ ನವೆಂಬರ್ 27ರಂದು, ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಜಾರ್ಜ್ ಮಾಸ್ಕೋನಿಯನ್ನೂ ಸಲಿಂಗಿಗಳ ಹಕ್ಕಿಗಾಗಿ ನಿಂತಿದ್ದ ನಗರ ಮಂಡಳಿಯ ಸದಸ್ಯ ಹಾರ್ವಿ ಮಿಲ್ಕನ್ನೂ ನಗರಸಭೆಯ ಕಟ್ಟಡದಲ್ಲೇ ಗುಂಡಿಟ್ಟು ಕೊಂದರು. ಕೊಂದವನು ಡ್ಯಾನ್ ವೈಟ್. ಒಂದು ಕಾಲದ ಪೋಲೀಸು ನೌಕರ, ಸ್ವಲ್ಪ ದಿನದ ಹಿಂದಷ್ಟೇ ಅದೇ ಮಂಡಳಿಗೆ ರಾಜೀನಾಮೆ ಕೊಟ್ಟವನು. ಪಿಸ್ತೂಲು ಇಟ್ಟುಕೊಂಡು ಕಿಟಕಿಯಿಂದ ಒಳಕ್ಕಿಳಿದು ಇಬ್ಬರನ್ನು ಕೊಂದ ಈ ಕೃತ್ಯವನ್ನು 1979ರ ಮೇ ತಿಂಗಳಲ್ಲಿ ಜ್ಯೂರಿಯವರು ಕೊಲೆ ಎಂದು ಕರೆಯಲಿಲ್ಲ. ಕೊಲೆಗಿಂತ ಕಡಿಮೆ ದರ್ಜೆಯ ನರಹತ್ಯೆ ಎಂದು ಕರೆದರು. ಸಿಕ್ಕ ಶಿಕ್ಷೆ ಏಳು ವರ್ಷ ಎಂಟು ತಿಂಗಳು. ಅದರಲ್ಲೂ ಐದು ವರ್ಷದ ಸುಮಾರಿಗೆ ಬಿಡುಗಡೆ. ತೀರ್ಪು ಬಂದ ರಾತ್ರಿ ಜನ ಸಿಟ್ಟಿಗೆದ್ದು ನಗರಸಭೆಯ ಮುಂದೆ ಪೋಲೀಸರ ಕಾರುಗಳಿಗೆ ಬೆಂಕಿ ಹಚ್ಚಿದರು. ಅದನ್ನು ನಾವು ಸರಿಯೆನ್ನುತ್ತಿಲ್ಲ. ಆದರೆ ಏಕೆ ಹಚ್ಚಿದರೆಂದು ಅರ್ಥವಾಗುತ್ತದೆ. 1980ರಲ್ಲಿ ಬಂದ ಈ ತಂಡದ ಮೊದಲ ದೊಡ್ಡ ರೆಕಾರ್ಡಿನ ಹೊದಿಕೆಯ ಮೇಲಿರುವುದು ಆ ರಾತ್ರಿ ಉರಿಯುತ್ತಿದ್ದ ಕಾರುಗಳ ಚಿತ್ರವೇ.

ಮೂರನೆಯದು ಇನ್ನೂ ದೊಡ್ಡದು. ಆ ವರ್ಷಗಳಲ್ಲೇ ಅಮೆರಿಕ ನ್ಯೂಟ್ರಾನ್ ಬಾಂಬಿನ ಮಾತಾಡುತ್ತಿತ್ತು. ಸ್ಫೋಟ ಕಡಿಮೆ, ವಿಕಿರಣ ಹೆಚ್ಚು. ಎಂದರೆ, ಕಟ್ಟಡಗಳಿಗೆ ಆಗುವ ಹಾನಿಗಿಂತ ಮನುಷ್ಯರಿಗೆ ಆಗುವ ಹಾನಿ ಹೆಚ್ಚು. ಅದಕ್ಕೆ ಸರ್ಕಾರಿ ಕಾಗದಗಳಲ್ಲಿದ್ದ ಹೆಸರು "ವರ್ಧಿತ ವಿಕಿರಣ ಅಸ್ತ್ರ". ಪಾಠಪುಸ್ತಕದ ಹೆಸರಿನಂತಿಲ್ಲವೇ? ಈ ತಂಡ 1980ರಲ್ಲಿ ಅದರ ಮೇಲೊಂದು ಹಾಡು ಕಟ್ಟಿ, ಅದಕ್ಕೆ "ಬಡವರನ್ನು ಕೊಲ್ಲಿ" ಎಂದು ಹೆಸರಿಟ್ಟಿತು. ಜನ ಸತ್ತು ಆಸ್ತಿ ಉಳಿಯುವುದಾದರೆ, ಬಡತನ ನಿರ್ಮೂಲನಕ್ಕೆ ಇದಕ್ಕಿಂತ ಸುಲಭ ದಾರಿ ಯಾವುದಿದೆ ಎಂಬುದು ಅದರ ವ್ಯಂಗ್ಯ. ಹಾಡಿನ ಹೆಸರು ಕೇಳಿ ಮೂಗು ಮುರಿದವರು ಬಹಳ. ಬಾಂಬಿನ ಹೆಸರು ಕೇಳಿ ಮೂಗು ಮುರಿಯುವ ಹಾಗಿರಲಿಲ್ಲ, ಅಷ್ಟು ಸಭ್ಯವಾಗಿತ್ತು ಅದು.

ಸಂಗತಿ ಇಲ್ಲಿದೆ. ಬಲವುಳ್ಳವರು ಕೆಟ್ಟ ಕೆಲಸಕ್ಕೆ ಒಳ್ಳೆಯ ಹೆಸರಿಡುವುದರಲ್ಲಿ ನಿಸ್ಸೀಮರು. ಇದು ಅಮೆರಿಕಕ್ಕೆ ಮಾತ್ರ ಸೇರಿದ ಜಾಣತನವೇನಲ್ಲ. ಮಗ್ಗ ನಿಲ್ಲಿಸಿ ಆಳು ಕಡಿಮೆ ಮಾಡುವುದಕ್ಕೆ ನಮ್ಮ ಮಿಲ್ಲುಗಳಲ್ಲಿ ಒಂದು ಕಾಲಕ್ಕೆ "ರ‍್ಯಾಷನಲೈಸೇಷನ್" ಎಂದರು. ಆಮೇಲೆ, ಕೈಗೆ ಇಷ್ಟು ಹಣವಿಟ್ಟು ಗೇಟಿನ ಹೊರಗೆ ಕಳಿಸುವುದಕ್ಕೆ "ಸ್ವಯಂ ನಿವೃತ್ತಿ" ಎಂದರು. ಯಾವ ಕಾರ್ಮಿಕ ಎಷ್ಟು ಸ್ವಯಂ ಆಗಿ ನಿವೃತ್ತನಾದನೆಂಬುದು ಅವನ ಹೆಂಡತಿ ಮಕ್ಕಳಿಗೆ ಗೊತ್ತು. ಬೀದಿಬದಿಯ ವ್ಯಾಪಾರಿಗಳ ತಳ್ಳುಗಾಡಿ ಎತ್ತಿಹಾಕಿಕೊಂಡು ಹೋಗುವ ದಿನಕ್ಕೆ "ನಗರ ಸೌಂದರ್ಯೀಕರಣ" ಎನ್ನುತ್ತಾರೆ. ಹೀಗೆ ಒಳ್ಳೆಯ ಹೆಸರುಗಳೆಲ್ಲ ಅವರ ಪಾಲಿಗೆ ಹೋದ ಮೇಲೆ, ಇದ್ದದ್ದನ್ನು ಇದ್ದಂತೆ ಹೇಳಹೊರಟವನ ಕೈಗೆ ಉಳಿಯುವುದು ಕೆಟ್ಟ ಹೆಸರುಗಳೇ. ಕೂಗಿ ಹೇಳಿದರೆ ಅಸಭ್ಯ, ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ.

ಕೆಟ್ಟ ಹೆಸರು ಜನರ ಕಿವಿ ತೆರೆಸುತ್ತದೆಯೇ ಎಂಬ ಪ್ರಶ್ನೆಗೆ 1979ರ ಮೇಯರ್ ಚುನಾವಣೆ ಒಂದಿಷ್ಟು ಉತ್ತರ ಕೊಟ್ಟಿತು. ಬಿಯಾಫ್ರಾ ಅಭ್ಯರ್ಥಿಯಾಗಿ ನಿಂತ. ಪೇಟೆಯ ದೊಡ್ಡ ಸಾಹುಕಾರರು ಕಚೇರಿ ವೇಳೆಯಲ್ಲಿ ಕೋಡಂಗಿಯ ವೇಷ ಹಾಕಿಕೊಂಡಿರಬೇಕೆಂಬುದು ಅವನ ಪ್ರಣಾಳಿಕೆಯಲ್ಲಿತ್ತು. ಪತ್ರಿಕೆಗಳಿಗೆ ನಗಲು ಅಷ್ಟು ಸಾಕಾಯಿತು. ಅದೇ ಪ್ರಣಾಳಿಕೆಯಲ್ಲಿ, ಪೋಲೀಸರು ತಮ್ಮ ಬಡಾವಣೆಯ ಜನರ ಓಟು ಪಡೆದೇ ಕೆಲಸದಲ್ಲಿ ಉಳಿಯಬೇಕು, ಖಾಲಿ ಬಿದ್ದ ಕಟ್ಟಡಗಳಲ್ಲಿ ಮನೆಯಿಲ್ಲದವರು ವಾಸಿಸಲು ಕಾನೂನು ಅವಕಾಶ ಕೊಡಬೇಕು ಎಂಬ ಮಾತುಗಳೂ ಇದ್ದವು. ಕರ್ನಿ ಬೀದಿಯ ಹಳ್ಳವನ್ನು ಕಂಡ ಊರಿನಲ್ಲಿ ಇದು ಕೋಡಂಗಿತನವೇ? ಆರು ಸಾವಿರಕ್ಕೂ ಹೆಚ್ಚು ಮಂದಿ, ಹಾಕಿದ ಓಟುಗಳಲ್ಲಿ ಸುಮಾರು ನೂರಕ್ಕೆ ನಾಲ್ಕರಷ್ಟು, ಅವನಿಗೆ ಓಟು ಕೊಟ್ಟರು. ಗೆಲ್ಲಲಿಲ್ಲ, ಗೆಲ್ಲುವ ಮಾತೂ ಇರಲಿಲ್ಲ.

ಮರುವರ್ಷ ಮಾರ್ಚಿಯಲ್ಲಿ ಆ ಪ್ರಾಂತದ ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಈ ತಂಡವನ್ನೇ ಕರೆದರು. ಬಿಳಿ ಅಂಗಿಯ ಮೇಲೆ ಇಂಗ್ಲಿಷಿನ ಎಸ್ ಅಕ್ಷರ ಬರೆಸಿಕೊಂಡು, ಅದರ ಮೇಲೆ ಕಪ್ಪು ಟೈ ಇಳಿಬಿಟ್ಟರು. ಎರಡೂ ಕೂಡಿ ಡಾಲರಿನ ಗುರುತಾಯಿತು. ಬೇಡಿಕೆಯ ಹಾಡನ್ನು ಶುರು ಮಾಡಿ, ನಡುವೆ ನಿಲ್ಲಿಸಿ, ಎದುರಿಗೆ ಕುಳಿತಿದ್ದ ಸಂಗೀತ ವ್ಯಾಪಾರಿಗಳನ್ನೇ ಗೇಲಿ ಮಾಡುವ ಹಾಡು ಹಾಡಿದರು. ಉಂಡ ಮನೆಯ ಜಂತೆ ಎಣಿಸಿದರೆಂದು ಕೆಲವರು ಹೇಳಿಯಾರು. ಉಣ್ಣಲು ಕರೆದು ಬಾಯಿ ಮುಚ್ಚಿಸುವ ಮನೆಯಲ್ಲಿ ಜಂತೆ ಎಣಿಸುವುದು ತಪ್ಪಲ್ಲವೆಂದು ನಮ್ಮ ಅಭಿಪ್ರಾಯ.

ಕೆಟ್ಟ ಹೆಸರಿನ ದಾರಿಯಲ್ಲಿ ಮುಳ್ಳೂ ಉಂಟು. ವ್ಯಂಗ್ಯ ಅರ್ಥವಾಗದವರು ಕೂಗನ್ನಷ್ಟೇ ಹಿಡಿದುಕೊಂಡು ಬರುತ್ತಾರೆ. ಈ ತಂಡದ ಕಾರ್ಯಕ್ರಮಗಳಿಗೂ ಹಿಟ್ಲರನ ಗುರುತು ತೊಟ್ಟ ಪುಂಡರು ಬರತೊಡಗಿದರು. ಹೊಡೆದಾಟವೇ ಪಂಕ್ ಎಂದು ತಿಳಿದರು. ಅವರನ್ನು ತೊಲಗಿ ಎಂದು ನೇರವಾಗಿ ಬೈದು ತಂಡ 1981ರಲ್ಲಿ ಒಂದು ಹಾಡನ್ನೇ ಮಾಡಬೇಕಾಯಿತು. ಬೈಗುಳವನ್ನು ಆಯುಧ ಮಾಡಿಕೊಂಡವನು ಅದು ಯಾರ ಕೈಗೆ ಹೋಗುತ್ತದೆಂದು ಕಾದು ನೋಡುತ್ತಿರಬೇಕು. ಈ ಎಚ್ಚರ ತಂಡಕ್ಕಿತ್ತೆಂಬುದನ್ನು ಮೆಚ್ಚುತ್ತೇವೆ.

ಹೆಸರನ್ನು ಹಿಡಿಯಲಾರದ ಕಾನೂನು ಕೊನೆಗೆ ಚಿತ್ರವೊಂದನ್ನು ಹಿಡಿಯಿತು. 1985ರ ರೆಕಾರ್ಡಿನೊಳಗೆ ಇಟ್ಟಿದ್ದ ಸ್ವಿಟ್ಜರ್ಲೆಂಡಿನ ಕಲಾವಿದ ಗೀಗರನ ಒಂದು ಚಿತ್ರ ಅಶ್ಲೀಲವೆಂದು ದೂರು ಬಂತು. 1986ರಲ್ಲಿ ಪೋಲೀಸರು ಬಿಯಾಫ್ರಾನ ಮನೆ ಶೋಧಿಸಿದರು. ಅವನ ಮೇಲೆ ಮಾತ್ರವಲ್ಲ, ರೆಕಾರ್ಡು ಹಂಚುವವರ ಮೇಲೂ, ರೆಕಾರ್ಡು ಒತ್ತಿಕೊಟ್ಟ ಕಾರ್ಖಾನೆಯವನ ಮೇಲೂ ಮೊಕದ್ದಮೆ ಹೂಡಿದರು. ನಮ್ಮ ಊರಿನ ಅಚ್ಚುಕೂಟದವರು ಇದನ್ನು ಗಮನಿಸಲಿ! 1987ರಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಾರದೆ ಮೊಕದ್ದಮೆ ಬಿದ್ದುಹೋಯಿತು. ಆದರೆ ತಂಡ ಅದಕ್ಕೆ ಮೊದಲೇ, 1986ರಲ್ಲೇ, ಒಡೆದುಹೋಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಮ್ಮಂಥವರಿಗೆ ಬರೆಯಲು ಬಹಳ ಅನುಕೂಲವಾಗುತ್ತಿತ್ತು. ಮುಗಿಯಲಿಲ್ಲ.

ದೊಡ್ಡ ಕಂಪನಿಗಳ ಹಂಗು ಬೇಡವೆಂದು 1979ರಲ್ಲೇ ತಂಡದವರು ತಮ್ಮದೇ ರೆಕಾರ್ಡು ಸಂಸ್ಥೆ ಮಾಡಿಕೊಂಡಿದ್ದರು. ಮುಂದೆ ಅದು ಬಿಯಾಫ್ರಾನ ಕೈಯಲ್ಲಿ ಉಳಿಯಿತು. 1998ರಲ್ಲಿ ತಂಡದ ಉಳಿದ ಮೂವರು, ತಮಗೆ ಸಲ್ಲಬೇಕಾದ ರಾಯಧನವನ್ನು ಆ ಸಂಸ್ಥೆ ಸರಿಯಾಗಿ ಕೊಟ್ಟಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. ತಮ್ಮ ಹಾಡನ್ನು ಜೀನ್ಸ್ ಕಂಪನಿಯ ಜಾಹೀರಾತಿಗೆ ಮಾರಲು ತಾನು ಒಪ್ಪದಿದ್ದುದೇ ಜಗಳದ ಮೂಲವೆಂದು ಬಿಯಾಫ್ರಾ ಹೇಳಿದ, ಉಳಿದವರು ಅದಲ್ಲವೆಂದರು. 2000ದಲ್ಲಿ ಜ್ಯೂರಿ ಮೂವರ ಪರವಾಗಿ ತೀರ್ಪು ಕೊಟ್ಟಿತು. ಸುಮಾರು ಎರಡು ಲಕ್ಷ ಡಾಲರು ಪರಿಹಾರ. 2003ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2001ರಿಂದ ಉಳಿದವರು ಬೇರೆ ಹಾಡುಗಾರರನ್ನಿಟ್ಟುಕೊಂಡು ಅದೇ ಹೆಸರಿನಲ್ಲಿ ಊರೂರು ತಿರುಗಿ ಹಾಡಿದರು. ಒಂದು ಕಾಲಕ್ಕೆ ಬಾಗಿಲು ಮುಚ್ಚಿಸುತ್ತಿದ್ದ ಹೆಸರು ಈಗ ಟಿಕೆಟ್ಟು ಮಾರುವ ಗುರುತು. ಅಂಗಿಗಳ ಮೇಲೂ ಅಚ್ಚಾಗಿ ಬಿಕರಿಯಾಗುತ್ತದೆ.

ಇದರಲ್ಲಿ ಎರಡು ಪಾಠಗಳಿವೆ. ಒಂದು, ಅಂಕಣಕಾರನ ಬೈಗುಳಕ್ಕೂ ಪೋಲೀಸರ ಶೋಧನೆಗೂ ಮೊಂಡಾಗದ ಹೆಸರಿನ ಮೊನೆ ಮಾರುಕಟ್ಟೆಯಲ್ಲಿ ತಾನೇ ಮೊಂಡಾಯಿತು. ಬಂಡವಾಳಶಾಹಿಗೆ ಬೈಗುಳದ ಭಯವಿಲ್ಲ. ಬೈಗುಳಕ್ಕೂ ಒಂದು ಬೆಲೆಚೀಟಿ ಅಂಟಿಸಿ ಅಂಗಡಿಯಲ್ಲಿಡುತ್ತದೆ. ಇನ್ನೊಂದು ಪಾಠ ನಮ್ಮವರಿಗೇ ಸೇರಿದ್ದು. ಬಡವರ ಪರವಾಗಿ ಹಾಡಿದವನೂ ಜೊತೆಗೆ ದುಡಿದವರ ಲೆಕ್ಕವನ್ನು ಚುಕ್ತಾ ಮಾಡಬೇಕು. ದೊಡ್ಡ ಮಾತು ಸಣ್ಣ ಬಾಕಿಯನ್ನು ತೀರಿಸುವುದಿಲ್ಲ. ಸಂಘದ ಚಂದಾಪುಸ್ತಕ ಹಿಡಿದವರಿಂದ ಹಿಡಿದು ಪಕ್ಷದ ಪತ್ರಿಕೆ ನಡೆಸುವ ನಮ್ಮವರೆಗೆ, ಎಲ್ಲರೂ ಇದನ್ನು ನೆನಪಿಡತಕ್ಕದ್ದು.

ನಾವು ಹೇಳುವುದಿಷ್ಟೆ. ಇಂಥ ಹೆಸರು ನಿಮಗೆ ಅವಮಾನ, ಎದ್ದು ಬನ್ನಿ, ಬೋರ್ಡು ಕೀಳಿ, ಬಾಗಿಲು ಮುಚ್ಚಿಸಿ ಎಂದು ನಾಳೆ ಯಾರಾದರೂ ನಮ್ಮ ಬೀದಿಗೆ ಬಂದು ಕರೆದಾರು. ಆಗ ಕಾರ್ಮಿಕ ಬಂಧುಗಳೂ ವ್ಯಾಪಾರಿ ಮಿತ್ರರೂ ಒಂದು ಗಳಿಗೆ ನಿಂತು ಕೇಳಬೇಕು: ಆ ಹೆಸರು ಯಾವುದನ್ನು ತೋರಿಸುತ್ತಿದೆ? ಕರೆಯಲು ಬಂದವನು ಅದನ್ನು ನೋಡಬೇಡಿರೆನ್ನುತ್ತಿದ್ದಾನೆಯೇ? ನಿಜವಾಗಿ ನೋವಾದವರಿದ್ದರೆ ಅವರ ಮಾತು ಕೇಳೋಣ. ಹೆಸರಿಟ್ಟವರೊಡನೆ ಕೂತು ವಾದ ಮಾಡೋಣ. ಬೇಕಾದರೆ ಛೀ ಎನ್ನೋಣ. ಆದರೆ ಬಾಗಿಲು ಮುಚ್ಚಿಸುವ ಕೆಲಸಕ್ಕೆ ಕೈ ಕೊಡುವುದು ಬೇಡ. ಇಂದು ಹಾಡಿನವರ ಬಾಗಿಲಿಗೆ ಬಿದ್ದ ಬೀಗ ನಾಳೆ ಸಂಘದ ಕಚೇರಿಗೂ ಸರಿಹೊಂದುತ್ತದೆ.

ಕರ್ನಿ ಬೀದಿಯ ಮುದುಕರನ್ನು ಎಬ್ಬಿಸಿದ ಕಾಗದದ ಮೇಲೆ ಒಂದೂ ಕೆಟ್ಟ ಪದ ಇರಲಿಲ್ಲ. ಮುಂದಿನ ಸಲ ಮಿಲ್ಲಿನ ನೋಟೀಸು ಬೋರ್ಡಿನ ಮೇಲೆ ಬಹಳ ಸಭ್ಯವಾದ ಭಾಷೆಯ ಕಾಗದ ಕಂಡಾಗ, ಅದನ್ನು ಎರಡು ಸಲ ಓದಿರಿ.